ಒಂದು ನಂಬರು, ಮೂರು ನಳಿಗೆ

ಅಮೆರಿಕದಲ್ಲಿರುವ ಅಣ್ಣನ ಮಗ ತನ್ನ ರೈಫಲ್ ತೋರಿಸಿದ. ಪಿನ್ನು ಎಳೆದು ನಳಿಗೆ ಬಿಚ್ಚಿದ, ಬೇರೊಂದನ್ನು ಕೂರಿಸಿದ. ನಾವು ಮಿಕ್ಸಿಗೆ ಚಟ್ನಿ ಜಾರು ತೆಗೆದು ದೊಡ್ಡ ಜಾರು ಇಟ್ಟ ಹಾಗೆ! ಅಳಿಲಿನ ಬಂದೂಕು ಜಿಂಕೆಯ ಬಂದೂಕಾಯಿತು.

“ಕಾಗದದಲ್ಲಿ ಇದು ಒಂದೇ, ಅತ್ತೆ” ಎಂದು ನಕ್ಕ.

ಅಲ್ಲಿನ 1968ರ ಕೇಂದ್ರ ಕಾಯಿದೆಗೆ ನಂಬರು ಕೊರೆದ ಒಡಲಷ್ಟೇ ಬಂದೂಕು. ನಳಿಗೆ ಬರೀ ಬಿಡಿಭಾಗ. ಮಿಕ್ಸಿಗಾದರೆ ಸರಿ. ಗುಂಡು ಎಂಥದ್ದೆಂದು ನಿರ್ಧರಿಸುವುದೇ ನಳಿಗೆಯಲ್ಲವೆ? ಅದನ್ನೇ ಲೆಕ್ಕಕ್ಕೆ ಹಿಡಿಯದ ಕಾಯಿದೆ ಯಾರನ್ನು ಕಾಯುತ್ತದೆ?

ನಮ್ಮ 1959ರ ಆಯುಧ ಕಾಯಿದೆ ಬಂದೂಕಿನ ಭಾಗಗಳನ್ನೂ ಬಂದೂಕೆಂದೇ ಎಣಿಸುತ್ತದೆ. ಅದು ಅತಿಯಾಯಿತೆಂದು ಅವನ ವಾದ. ನಾನು ಒಪ್ಪಲಿಲ್ಲ. ಅವನ ಹೆಂಡತಿಯನ್ನೇ ಕೇಳಿದೆ: “ಕಪಾಟಿನಲ್ಲಿ ನಳಿಗೆ ಎಷ್ಟಿವೆಯಮ್ಮಾ?”

ಅವಳು ಗಂಡನ ಮುಖ ನೋಡಿದಳು.