ನಮ್ಮ ನಾಷ್ಟಾದ ಲೆಕ್ಕ ನಮಗೇ ಓದಲು ಬಾರದ ಭಾಷೆಯಲ್ಲಿ!



ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿಯಿರಿ. ಸೇಡಂ ಬಸ್‌ಸ್ಟ್ಯಾಂಡಿಗೆ ಬನ್ನಿ. ಚಿತ್ತಾಪುರ, ಶಹಾಬಾದ, ಚಿಂಚೋಳಿ, ಎಲ್ಲಿಗಾದರೂ ಹೋಗಿ. ಮುಂಜಾನೆ ಸುಸಲಾ-ಮಿರ್ಚಿ ಹಿಡಿಯುತ್ತಿದ್ದ ಕೈಯಲ್ಲಿ ಈಗ ಪ್ಲಾಸ್ಟಿಕ್ ಪಾಕೀಟು. ಒಳಗೆ ಮೂಲೆಯಿಂದ ಮೂಲೆಗೆ ಕತ್ತರಿಸಿದ ಬ್ರೆಡ್ಡು, ನಡುವೆ ಬಿಳಿ ಸಾಸು, ಎರಡು ಸೌತೆಕಾಯಿ ಬಿಲ್ಲೆ. ಹೆಸರು ಸ್ಯಾಂಡ್‌ವಿಚ್! ಸಿಮೆಂಟ್ ಫ್ಯಾಕ್ಟರಿಯ ಮೊದಲ ಪಾಳಿಗೆ ಓಡುವವನು, ಕಲಬುರಗಿ ಕಾಲೇಜಿಗೆ ರೈಲು ಹಿಡಿಯುವ ಹುಡುಗಿ, ಯಾರಿಗೂ ಕೂತು ತಿನ್ನುವಷ್ಟು ಪುರಸೊತ್ತಿಲ್ಲ. ತಿನ್ನಲಿ, ಬೇಡ ಅನ್ನಲು ನಾವು ಯಾರು?

ಆದರೆ ಆ ಪಾಕೀಟನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಪೂರಾ ಇಂಗ್ಲಿಷು, ಎಲ್ಲೋ ಒಂದು ಕಡೆ ಹಿಂದಿ. ಬಹುಪಾಲು ಪಾಕೀಟುಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಕನ್ನಡದ ಒಂದಕ್ಷರ ಸಿಗುವುದಿಲ್ಲ!

ಅಲ್ಲಿ ಬರೆದಿರುವುದಾದರೂ ಏನು? ಜಾಹೀರಾತಲ್ಲ. ನಿಮ್ಮ ಹೊಟ್ಟೆಗೆ ಹೋಗುವುದರ ಲೆಕ್ಕ! ಶಕ್ತಿ ಎಷ್ಟು, ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ಮೇಲಿನಿಂದ ಸುರಿದ ಸಕ್ಕರೆ ಎಷ್ಟು, ಸೋಡಿಯಂ ಎಷ್ಟು. ಸೋಡಿಯಂ ಅಂದರೆ ಹೆಚ್ಚುಕಡಿಮೆ ಉಪ್ಪಿನ ಲೆಕ್ಕ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ದಿನಕ್ಕೆ ಒಬ್ಬ ಮನುಷ್ಯನಿಗೆ 2000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು, ಅದೇ ಮಿತಿ. ಒಂದು ಚಹಾ ಚಮಚೆಯಷ್ಟೇ.

ಈಗ ಲೆಕ್ಕ ಹಾಕಿ. ಪಾಕೀಟಿನ ಮೇಲೆ '100 ಗ್ರಾಮಿಗೆ 500 ಮಿಲಿಗ್ರಾಂ ಸೋಡಿಯಂ' ಎಂದಿದೆ ಅಂದುಕೊಳ್ಳಿ. ಪಾಕೀಟಿನ ತೂಕ 150 ಗ್ರಾಂ. ಹೊಟ್ಟೆಗೆ ಹೋದದ್ದು 500 ಅಲ್ಲ, 750! ಇಡೀ ದಿನದ ಉಪ್ಪಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಂಜಾನೆ ಎಂಟಕ್ಕೇ ಮುಗಿಯಿತು. ಮಧ್ಯಾಹ್ನದ ಊಟ, ಉಪ್ಪಿನಕಾಯಿ, ಸಂಜೆಯ ಭಜಿ ಇನ್ನೂ ಬಾಕಿ! ಬಿಪಿ ಇದೆ, ಉಪ್ಪು ಬಿಡು ಎಂದು ಡಾಕ್ಟರು ಹೇಳಿದ್ದಕ್ಕೆ ಉಪ್ಪಿನಕಾಯಿ ಭರಣಿ ಮುಟ್ಟುವುದನ್ನೇ ಬಿಟ್ಟ ತಾಯಿ, ಬ್ರೆಡ್ಡು ಸಪ್ಪಗಿದೆ ಅಂತ ನೆಮ್ಮದಿಯಿಂದ ತಿನ್ನುತ್ತಾಳೆ. ಆಕೆಗೆ ಈ ಲೆಕ್ಕ ಯಾರು ಹೇಳಬೇಕು?

ಇನ್ನೊಂದು ಆಟ ಕೇಳಿ. ಪಾಕೀಟಿನ ಮೇಲಿನ ಸಾಮಗ್ರಿಯ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕು ಎಂಬುದು ಕಾನೂನು. ಕಂದು ಬಣ್ಣದ ಬ್ರೆಡ್ಡು ನೋಡಿ ಇದು ಗೋಧಿಯದ್ದು, ಒಳ್ಳೇದು ಎಂದು ಹೆಚ್ಚು ದುಡ್ಡು ಕೊಡುತ್ತೀರಿ. ಪಟ್ಟಿಯಲ್ಲಿ ಮೊದಲ ಹೆಸರೇ 'ರಿಫೈನ್ಡ್ ವೀಟ್ ಫ್ಲೋರ್' ಎಂದಿದ್ದರೆ? ಅದು ಮೈದಾ ಕಣ್ರೀ, ಮೈದಾ! ಕೊನೆಯಲ್ಲಿ 'ಐಎನ್ಎಸ್ 150' ಎಂದಿದ್ದರೆ ಆ ಕಂದು ಬಣ್ಣ ಕ್ಯಾರಮೆಲ್ಲಿನದು. 'ಐಎನ್ಎಸ್ 282' ಎಂದರೆ ಬೂಸಲು ಹಿಡಿಯದಂತೆ ಹಾಕುವ ರಾಸಾಯನಿಕ. ಮಿತಿಯೊಳಗೆ ಹಾಕಲು ಕಾನೂನಿನ ಒಪ್ಪಿಗೆ ಇದೆ, ವಿಷ ಎಂದು ನಾನು ಹೇಳುತ್ತಿಲ್ಲ. 'ಮೈದಾ' ಎಂದು ಕನ್ನಡದಲ್ಲಿ ಎರಡೇ ಅಕ್ಷರ ಬರೆದಿದ್ದರೆ ಚಿಂಚೋಳಿಯ ಕೂಲಿಯವನೂ ಬೆಲೆಗೆ ತಕ್ಕ ಮಾಲು ಕೇಳುತ್ತಿದ್ದ. ಅಷ್ಟೇ ನನ್ನ ತಕರಾರು.

ಅತ್ತ ನಮ್ಮ ಜೋಳವನ್ನು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಮೈದಾದಲ್ಲಿ 3 ಗ್ರಾಮೂ ಇಲ್ಲ. ಪ್ರೋಟೀನು ಎರಡರಲ್ಲೂ ಹತ್ತಿರ ಹತ್ತಿರ ಒಂದೇ, ಸುಳ್ಳು ಯಾಕೆ ಹೇಳಲಿ! ರೊಟ್ಟಿಯ ಜತೆಗೆ ನಮ್ಮ ನೆಲದ ತೊಗರಿಬೇಳೆಯ ಪಪ್ಪು ಬಿದ್ದರೆ ಮಾತ್ರ ಲೆಕ್ಕವೇ ಬೇರೆ. ಈ ಹೋಲಿಕೆ ಮಾಡಿ, ತೂಗಿ ನೋಡಿ, ತನಗೆ ಬೇಕಾದ್ದನ್ನು ಆರಿಸುವ ಹಕ್ಕು ಇಂಗ್ಲಿಷ್ ಬಲ್ಲವನಿಗೆ ಮಾತ್ರವೇ?

ಯಾರ ಪಾಪ ಇದು? ಕಂಪನಿಗಳನ್ನು ಬೈಯುವ ಮೊದಲು ದಿಲ್ಲಿಯ ಕಡೆ ತಿರುಗಿ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮ ಹೇಳಿದ್ದು, 2020ರ ನಿಯಮವೂ ಹೇಳಿದ್ದು ಒಂದೇ: ಪಾಕೀಟಿನ ವಿವರ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆ? ಬೇಕಾದರೆ ಜತೆಗೆ ಹಾಕಿಕೊಳ್ಳಿ, ನಮ್ಮ ಅಡ್ಡಿಯಿಲ್ಲ! ಎಂಥ ಔದಾರ್ಯ! ಕರ್ನಾಟಕದಲ್ಲಿ ಬೆಳೆದು, ಕರ್ನಾಟಕದಲ್ಲೇ ಬೆಂದು, ಕನ್ನಡಿಗನೇ ತಿನ್ನುವ ಪದಾರ್ಥಕ್ಕೂ ಕನ್ನಡ 'ಬೇಕಾದರೆ' ಮಾತ್ರ. ಅದೇ ಸರಕಾರದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಳ್ಳುವ ವಸ್ತುವಿನ ಗುಣ, ಪ್ರಮಾಣ, ಶುದ್ಧತೆಯನ್ನು ತಿಳಿಯುವುದು ಗ್ರಾಹಕನ ಹಕ್ಕು ಎನ್ನುತ್ತದೆ. ಓದಲು ಬಾರದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಿದಂತೆಯೇ?

ನಮ್ಮ ಭಾಗಕ್ಕೆ ಈ ಅವಮಾನ ಹೊಸದಲ್ಲ. ನಿಜಾಮನ ಕಾಲದಲ್ಲಿ ಕೋರ್ಟು, ಕಚೇರಿ ಎಲ್ಲ ಉರ್ದುವಿನಲ್ಲಿ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಬಾಯಲ್ಲಿರುವ 'ನಾಷ್ಟಾ' ಕೂಡ ಅಲ್ಲಿಂದಲೇ ಬಂದದ್ದು. ತನ್ನ ಹೊಲದ ಕಾಗದವನ್ನು ಇನ್ನೊಬ್ಬನಿಂದ ಓದಿಸಿಕೊಳ್ಳಬೇಕಾದ ರೈತನ ಪಾಡು ಮಾತ್ರ ಮರೆಯುವಂಥದ್ದಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಹೋದ, 1956ರ ನವೆಂಬರ್ 1ಕ್ಕೆ ನಾವು ಕನ್ನಡನಾಡಿಗೆ ಸೇರಿದೆವು. ಸೇಡಂ ತಾಲ್ಲೂಕಿನ ಮಳಖೇಡವೇ ನೃಪತುಂಗನ ಮಾನ್ಯಖೇಟ. ನಮಗೆ ಉಳಿದು ಬಂದಿರುವ ಮೊದಲ ಕನ್ನಡ ಕೃತಿ ಕವಿರಾಜಮಾರ್ಗ ಆತನ ಆಸ್ಥಾನದ್ದು. ಆ ಊರಿನ ಅಂಗಡಿಯಲ್ಲಿ ತೂಗುವ ಪಾಕೀಟಿಗೆ ಕನ್ನಡ ಬೇಡವಂತೆ!

'ಜಾಗ ಇಲ್ಲ, ಖರ್ಚು ಬೀಳುತ್ತದೆ' ಎಂದು ಕಂಪನಿಗಳು ರಾಗ ತೆಗೆಯಬಹುದು. ಅಚ್ಚಿನ ಮನೆ ನಡೆಸುವ ನನ್ನ ಮುಂದೆ ಈ ಕಥೆ ಬೇಡ. ಪಾಕೀಟಿನ ಅಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್. ಹಿಂಬದಿಯ ಬರಹ ಸಾಮಾನ್ಯವಾಗಿ ಒಂದೇ ಬಣ್ಣದ್ದು. ಆ ಒಂದು ಸಿಲಿಂಡರ್ ಬದಲಿಸಿದರೆ ಕೆಲಸ ಮುಗಿಯಿತು, ಆಮೇಲೆ ಲಕ್ಷ ಪಾಕೀಟು ಹೊಡೆದರೂ ಮಸಿಯ ಖರ್ಚು ಅಷ್ಟೇ. ಸ್ಯಾಂಡ್‌ವಿಚ್ಚಿಗೆ ಅಂಟಿಸುವ ಚೀಟಿಯಾದರೆ ಅದೂ ಬೇಡ, ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ಒಂದು ಮಾತು ಒಪ್ಪುತ್ತೇನೆ: ಅಕ್ಷರ ತೀರಾ ಸಣ್ಣದಾದರೆ ನಮ್ಮ ಒತ್ತಕ್ಷರ ಮಸಿ ತುಂಬಿ ಮುಚ್ಚಿಹೋಗುತ್ತದೆ, ಇಂಗ್ಲಿಷಿಗಿಂತ ಕೊಂಚ ಎತ್ತರ ಬೇಕು. ಕೊಡಿ! ಹತ್ತು ಸಾಲಿನ ಕೋಷ್ಟಕಕ್ಕೆ ಎಷ್ಟು ಜಾಗ ಬೇಕು? ಮುಂಬದಿಯಲ್ಲಿ ಟೊಮೆಟೊ ಚಿತ್ರವನ್ನು ಒಂದು ಸುತ್ತು ಸಣ್ಣದು ಮಾಡಿ. ಗಲ್ಫ್ ದೇಶಕ್ಕೆ ಮಾಲು ಕಳಿಸುವಾಗ ಅರಬ್ಬಿ ಅಕ್ಷರಕ್ಕೆ ಜಾಗ ಸಿಗುತ್ತದೆ, ಕೆನಡಾಕ್ಕೆ ಕಳಿಸುವಾಗ ಫ್ರೆಂಚಿಗೂ ಸಿಗುತ್ತದೆ. ಯಾಕೆ? ಅಲ್ಲಿ ಇಲ್ಲದಿದ್ದರೆ ಮಾಲು ಒಳಗೆ ಬಿಡುವುದಿಲ್ಲ!

ನಮ್ಮ ರಾಜ್ಯ ಸರಕಾರ ಏನು ಮಾಡಿತು? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ತಂದಿತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದಿತು. ಒಳ್ಳೆಯದೇ. ಆದರೆ ಹೆಸರು ಓದಿ ಬಿಪಿ ಇಳಿಯುತ್ತದೆಯೇ? ಮೈದಾ, ಉಪ್ಪು, ಸಕ್ಕರೆಯ ಲೆಕ್ಕ ಎಲ್ಲಿ? ತೆಲಂಗಾಣದ ಗಡಿ ಚಿಂಚೋಳಿಗೆ ಕೂಗಳತೆಯ ದೂರ. ಗಡಿಯಾಚೆ ತಯಾರಾಗಿ ಬರುವ ಮಾಲಿಗೆ ಈ ಮಾತೂ ಅನ್ವಯಿಸುವುದಿಲ್ಲ. ನಮ್ಮ ಹೋರಾಟಗಾರರಿಗೂ ಒಂದು ಮಾತು ಹೇಳಲೇಬೇಕು. 2024ರಲ್ಲಿ ಬೋರ್ಡಿಗೆ 60 ಭಾಗ ಕನ್ನಡ ಎಂದು ಕಾನೂನಾಯಿತು, ಸಂತೋಷ. ಆ ಬೋರ್ಡಿನ ಕೆಳಗೇ ನಿಂತು ಒಂದಕ್ಷರ ಕನ್ನಡವಿಲ್ಲದ ಪಾಕೀಟು ಹರಿದು ತಿನ್ನುತ್ತೇವೆ. ಬೋರ್ಡು ಕಣ್ಣಿಗೆ, ಪಾಕೀಟು ಹೊಟ್ಟೆಗೆ, ಯಾವುದು ಮೊದಲಾಗಬೇಕಿತ್ತು?

ಕೇಳಬೇಕಾದದ್ದು ದೊಡ್ಡದೇನಲ್ಲ. 2020ರ ನಿಯಮದಲ್ಲಿ 'ಇಂಗ್ಲಿಷ್ ಅಥವಾ ಹಿಂದಿ' ಎಂಬ ಮಾತಿನ ಮುಂದೆ 'ಜತೆಗೆ ಮಾರಾಟವಾಗುವ ರಾಜ್ಯದ ಭಾಷೆ ಕಡ್ಡಾಯ' ಎಂದು ಸೇರಲಿ. ತಮಿಳರಿಗೂ ತೆಲುಗರಿಗೂ ಅದೇ ಬೇಕು, ಅವರೂ ದನಿಗೂಡಿಸಲಿ. ಲೋಕಸಭೆಯಲ್ಲಿ ನಮ್ಮ ರಾಜ್ಯದ 28 ಸಂಸದರು ಕೂತಿದ್ದಾರೆ, ಒಬ್ಬರಾದರೂ ಈ ಪ್ರಶ್ನೆ ಎತ್ತಲಿ. ನೀವು ನಾಳೆ ಮುಂಜಾನೆ ತಿಂದ ಪಾಕೀಟನ್ನು ಬಿಸಾಡಬೇಡಿ. ತೊಳೆದು, ಒರೆಸಿ, ಒಂದು ಲಕೋಟೆಗೆ ಹಾಕಿ. 'ಇದರಲ್ಲಿ ಏನಿದೆ, ನನ್ನ ಭಾಷೆಯಲ್ಲಿ ಹೇಳಿ' ಎಂದು ಕನ್ನಡದಲ್ಲೇ ಬರೆದು ಒಂದನ್ನು ಆಹಾರ ಪ್ರಾಧಿಕಾರಕ್ಕೆ, ಇನ್ನೊಂದನ್ನು ನಿಮ್ಮ ಸಂಸದರಿಗೆ ಕಳಿಸಿ. ಪಾಕೀಟು ಕರ್ನಾಟಕದಲ್ಲೇ ತಯಾರಾಗಿ, ಅದರ ಮೇಲೆ ಕನ್ನಡದಲ್ಲಿ ಹೆಸರೂ ಇಲ್ಲದಿದ್ದರೆ ಮೂರನೆಯ ಲಕೋಟೆ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಲಿ. ಶಹಾಬಾದಿನಿಂದ ಹತ್ತು, ವಾಡಿಯಿಂದ ಹತ್ತು, ಸೇಡಂ, ಚಿತ್ತಾಪುರ, ಚಿಂಚೋಳಿಯಿಂದ ನೂರು ಹೋಗಲಿ. ಬೆಂಗಳೂರಿನ ಹುಡುಗರು ಸಾವಿರ ಕಳಿಸಲಿ.