ಗೆಜ್ಜೆ, ಪುಸ್ತಕ ಮತ್ತು ದುಡಿಮೆ: ಹದವನರಿಯುವ ಬಗೆ

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ ಎಂಬ ತತ್ತ್ವವನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ಬರಿಯ ಮಾತಿನಿಂದಲ್ಲ, ಬದುಕಿನಿಂದ ಸಾರಿದರು. ಆ ಶರಣಗಣದಲ್ಲಿ ಹಗ್ಗ ಹೊಸೆಯುವವರು, ಬಟ್ಟೆ ಮಡಿ ಮಾಡುವವರು, ದೋಣಿ ನಡೆಸುವವರು ಇದ್ದಂತೆಯೇ ಕಲೆಯನ್ನು ಕಾಯಕವಾಗಿ ಕೈಗೊಂಡವರೂ ಇದ್ದರೆಂಬುದನ್ನು ಭಕ್ತಜನರು ಅನೇಕ ವೇಳೆ ಮರೆಯುತ್ತಾರೆ. ಬಹುರೂಪಿ ಚೌಡಯ್ಯನವರು ನಾನಾ ವೇಷಗಳನ್ನು ಧರಿಸಿ ಜನರ ಮುಂದೆ ಆಡುತ್ತಿದ್ದವರು. ನಗೆಯ ಮಾರಿತಂದೆಯವರ ಕಾಯಕವೇ ಜನರನ್ನು ನಗಿಸುವುದಾಗಿತ್ತು. ಡಕ್ಕೆಯ ಬೊಮ್ಮಣ್ಣನವರಿಗೆ ಡಕ್ಕೆಯೂ, ಕಿನ್ನರಿ ಬ್ರಹ್ಮಯ್ಯನವರಿಗೆ ಕಿನ್ನರಿಯೂ ಹೆಸರಿನೊಡನೆ ಬೆರೆತುಹೋದ ವಾದ್ಯಗಳು. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳನ್ನೇ ಹರಿಹರ ಕವಿಯು ತನ್ನ ರಗಳೆಯಲ್ಲಿ ಮದ್ದಳೆ ನುಡಿಸುವ ಕಲಾವಿದನನ್ನಾಗಿ ಚಿತ್ರಿಸಿದ್ದಾನೆ.

ಇಂತಹ ಪರಂಪರೆಯ ಮನೆಗಳಲ್ಲಿಯೇ ಇಂದು ಮಗಳೊಬ್ಬಳು ಕಾಲಿಗೆ ಗೆಜ್ಜೆ ಕಟ್ಟಿದರೆ, ಹತ್ತನೆಯ ತರಗತಿಯವರೆಗೆ ಎಲ್ಲರೂ ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಅದೇ ಹಿರಿಯರು, “ಕುಣಿತದಿಂದ ಹೊಟ್ಟೆ ತುಂಬೀತೇ?” ಎಂದು ಕೇಳತೊಡಗುತ್ತಾರೆ. ಮನೆಯ ಆರ್ಥಿಕ ಸ್ಥಿತಿ ಸಾಧಾರಣವಾಗಿದ್ದರಂತೂ ಮೂರನೆಯ ಹೊರೆಯೊಂದು ಬಂದು ಕೂಡುತ್ತದೆ. ಕಾಲೇಜಿನ ಶುಲ್ಕಕ್ಕೂ ನೃತ್ಯಗುರುವಿನ ಶುಲ್ಕಕ್ಕೂ ತಾನೇ ಒಂದಿಷ್ಟು ದುಡಿಯಬೇಕಾಗುತ್ತದೆ. ಸಂಜೆ ಮಕ್ಕಳಿಗೆ ಪಾಠ ಹೇಳುವುದು, ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಬಟ್ಟೆ ಮಳಿಗೆಯಲ್ಲಿ ನಿಂತು ಮಾರುವುದು, ಕಾಲ್ ಸೆಂಟರಿನಲ್ಲಿ ದೂರವಾಣಿಗೆ ಉತ್ತರಿಸುವುದು, ಹೀಗೆ ನಾನಾ ಬಗೆಯ ಅರೆಕಾಲಿಕ ಕೆಲಸಗಳಲ್ಲಿ ತೊಡಗಿರುವ ನೃತ್ಯವಿದ್ಯಾರ್ಥಿಗಳು ಬೆಂಗಳೂರು, ಮೈಸೂರುಗಳಲ್ಲಿ ಮಾತ್ರವಲ್ಲ, ದಾವಣಗೆರೆ, ಹುಬ್ಬಳ್ಳಿ, ಕಲಬುರ್ಗಿಗಳಲ್ಲಿಯೂ ಇದ್ದಾರೆ. ಮೂರನ್ನೂ ಹೊತ್ತು ನಡೆಯುವ ಈ ಮಕ್ಕಳಿಗೆ ‘ಒಂದನ್ನು ಬಿಡು’ ಎಂಬ ಉಪದೇಶ ಸುಲಭವಾಗಿ ದೊರೆಯುತ್ತದೆ. ‘ಹೀಗೆ ಹೊಂದಿಸಿಕೋ’ ಎಂಬ ಮಾರ್ಗದರ್ಶನ ಮಾತ್ರ ವಿರಳ.

ಮೊದಲಿಗೆ ಲೆಕ್ಕವನ್ನು ನೋಡಬೇಕು. ವಾರಕ್ಕೆ ಇರುವುದು 168 ಗಂಟೆಗಳು. ದಿನಕ್ಕೆ 6 ಗಂಟೆಯಂತೆ 6 ದಿನಗಳ ಕಾಲೇಜಿಗೆ 36 ಗಂಟೆ. ಓಡಾಟಕ್ಕೆ ದಿನಕ್ಕೆ 2 ಗಂಟೆಯಂತೆ 12. ಅರೆಕಾಲಿಕ ಕೆಲಸಕ್ಕೆ ದಿನಕ್ಕೆ 4 ಗಂಟೆಯಂತೆ 24. ವಾರದ ಎರಡು ನೃತ್ಯ ಪಾಠಗಳಿಗೆ 4, ಮನೆಯ ಅಭ್ಯಾಸಕ್ಕೆ 6. ದಿನಕ್ಕೆ 7 ಗಂಟೆಯಂತೆ ನಿದ್ರೆಗೆ 49. ಒಟ್ಟು 131 ಗಂಟೆಗಳು. ಉಳಿದ 37 ಗಂಟೆಗಳಲ್ಲಿ ಸ್ನಾನ, ಪೂಜೆ, ಊಟ, ಓದು, ಮನೆಗೆಲಸ ಎಲ್ಲವೂ ನಡೆಯಬೇಕು. ಅಂದರೆ ದಿನಕ್ಕೆ 5 ಗಂಟೆಗಿಂತ ಸ್ವಲ್ಪ ಹೆಚ್ಚು. ಕಷ್ಟವಾದರೂ ಇದು ಸಾಧ್ಯ. ಆದರೆ ಕೆಲಸವನ್ನು ದಿನಕ್ಕೆ 6 ಗಂಟೆಗೆ ಏರಿಸಿದರೆ ಉಳಿಯುವುದು ವಾರಕ್ಕೆ 25 ಗಂಟೆ, ದಿನಕ್ಕೆ ಮೂರೂವರೆ ಗಂಟೆ ಮಾತ್ರ. ಪರೀಕ್ಷೆಯೋ ಕಾರ್ಯಕ್ರಮವೋ ಹತ್ತಿರ ಬಂದಾಗ ಆಗ ಕತ್ತರಿ ಬೀಳುವುದು ನಿದ್ರೆಗೇ. ಮೂರು ಹೊರೆಗಳು ತಾವಾಗಿ ಯಾರನ್ನೂ ಕೆಡಹುವುದಿಲ್ಲ. ಅಳತೆ ತಪ್ಪಿದ ಒಂದು ಹೊರೆ ಉಳಿದೆರಡನ್ನೂ ಕೆಡಹುತ್ತದೆ.

ಈ ಅಳತೆಯ ವಿವೇಕವನ್ನು ಕಲಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ಪತಿ ಮಾರಯ್ಯನವರು ಆಯ್ದು ತಂದ ಅಕ್ಕಿ ಎಂದಿನದಕ್ಕಿಂತ ಹೆಚ್ಚಾಗಿದ್ದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದ ಪ್ರಸಂಗ ಶರಣಲೋಕದಲ್ಲಿ ಪ್ರಸಿದ್ಧವಾದುದು. ಈ ಕಥೆಯನ್ನು ಸಂಗ್ರಹಬುದ್ಧಿಯ ಖಂಡನೆಯೆಂದು ಮಾತ್ರ ಓದುವುದು ರೂಢಿ. ವಿದ್ಯಾರ್ಥಿಯ ದುಡಿಮೆಗೂ ಅದು ಸಲ್ಲುತ್ತದೆ. ಶುಲ್ಕಕ್ಕೆ, ಪುಸ್ತಕಕ್ಕೆ, ಗೆಜ್ಜೆಗೆ ಎಷ್ಟು ಬೇಕೋ ಅಷ್ಟು ದುಡಿಯುವುದು ಕಾಯಕ. ಹೊಸ ಮೊಬೈಲಿಗಾಗಿ ಮತ್ತೆರಡು ಗಂಟೆ, ಗೆಳತಿಯರ ಸರಿಸಮಾನ ಉಡುಗೆಗಾಗಿ ಇನ್ನೊಂದು ಗಂಟೆ ಎಂದು ಕೆಲಸವನ್ನು ಏರಿಸುತ್ತ ಹೋದರೆ ಅದು ಆಸೆಯ ಚಾಕರಿ.

ಅಳತೆ ತಪ್ಪುವ ಇನ್ನೊಂದು ಎಡೆ ರಂಗಪ್ರವೇಶ. ಗುರುವು ಶಿಷ್ಯೆಯನ್ನು ಸಭೆಯ ಮುಂದೆ ನಿಲ್ಲಿಸಿ, ಇವಳು ಒಬ್ಬಳೇ ಪೂರ್ಣ ಮಾರ್ಗವನ್ನು ನಿರ್ವಹಿಸಬಲ್ಲಳೆಂದು ಸಾರುವ ಅರ್ಥಪೂರ್ಣ ಸಂದರ್ಭವದು. ಆದರೆ ಇಂದು ಅನೇಕ ಕಡೆ ಅದು ಮದುವೆಯ ವೈಭವವನ್ನು ಮೀರಿಸಿದೆ. ಸಭಾಂಗಣದ ಬಾಡಿಗೆ, ಹಾಡುಗಾರರು, ಮೃದಂಗ, ಪಿಟೀಲು, ಕೊಳಲುಗಳ ಸಂಭಾವನೆ, ಬಗೆಬಗೆಯ ರೇಷ್ಮೆಯ ಉಡುಪು, ಆಭರಣ, ಪ್ರಸಾಧನ, ಆಹ್ವಾನ ಪತ್ರಿಕೆ, ಛಾಯಾಚಿತ್ರ, ಬಂದವರಿಗೆಲ್ಲ ಊಟ ಎಂದು ವೆಚ್ಚವು ಲಕ್ಷಗಳನ್ನು ಮುಟ್ಟುತ್ತದೆ. ಈ ಹಣಕ್ಕಾಗಿ ಮಗಳು ರಾತ್ರಿಯ ಪಾಳಿಯಲ್ಲಿ ದುಡಿದು, ತಂದೆ ಸಾಲಪತ್ರಕ್ಕೆ ಸಹಿ ಹಾಕಿ, ಕೊನೆಗೆ ಆ ಒಂದು ಸಂಜೆಯ ನಂತರ ಗೆಜ್ಜೆ ಪೆಟ್ಟಿಗೆ ಸೇರುವುದಾದರೆ ಕಲೆಗೆ ದಕ್ಕಿದುದೇನು? ಪಾಠಶಾಲೆಯ ಅಂಗಳದಲ್ಲಿಯೋ ಮಠದ ಸಭಾಭವನದಲ್ಲಿಯೋ ಐವತ್ತು ಜನ ಸಹೃದಯರ ಮುಂದೆ ನಡೆದ ಸರಳ ರಂಗಪ್ರವೇಶವೂ ರಂಗಪ್ರವೇಶವೇ. ಮೂರು ಹೊರೆಗಳಲ್ಲಿ ಯಾವುದನ್ನಾದರೂ ಇಳಿಸಲೇಬೇಕಿದ್ದರೆ ಮೊದಲು ಇಳಿಸಬೇಕಾದುದು ಆಡಂಬರವನ್ನು; ಅಭ್ಯಾಸವನ್ನಲ್ಲ, ವಿದ್ಯೆಯನ್ನೂ ಅಲ್ಲ.

ಕಾಯವೆಂಬುದೂ ಲೆಕ್ಕಕ್ಕೆ ಬರಬೇಕಾದ ಸಂಗತಿ. ಭರತನಾಟ್ಯದ ಅರಮಂಡಿಯಲ್ಲಿ ದೇಹದ ಭಾರವೆಲ್ಲ ಬಾಗಿದ ಮಂಡಿಗಳ ಮೇಲೆ ನಿಲ್ಲುತ್ತದೆ. ತಟ್ಟಡವಿನ ಒಂದೊಂದು ಪೆಟ್ಟೂ ಹಿಮ್ಮಡಿಯಿಂದ ಮೊಳಕಾಲಿನವರೆಗೆ ಏರುತ್ತದೆ. ಎಂಟು ಗಂಟೆ ಮಳಿಗೆಯಲ್ಲಿ ನಿಂತು ಬಂದ ಕಾಲುಗಳು ರಾತ್ರಿ ಹತ್ತಕ್ಕೆ ಸಿಮೆಂಟಿನ ನೆಲದ ಮೇಲೆ ಮೂರು ಕಾಲದಲ್ಲಿ ಅಡವು ಮಾಡಿದರೆ ನೋವು ತಪ್ಪಿದ್ದಲ್ಲ. ಆ ನೋವನ್ನು ನುಂಗಿ ಕುಣಿಯುವುದೇ ತಪಸ್ಸೆಂದು ಭಾವಿಸುವುದು ಶರಣಮಾರ್ಗಕ್ಕೆ ಒಪ್ಪುವ ಮಾತಲ್ಲ. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರ ದೃಷ್ಟಿಯಲ್ಲಿ ಕಾಯವನ್ನು ದಂಡಿಸುವುದು ಭಕ್ತಿಯಲ್ಲ. ಬೆಳಗಿನ ನಲವತ್ತು ನಿಮಿಷಗಳ ಶುದ್ಧ ಅಭ್ಯಾಸವು ದಣಿದ ದೇಹದ ಎರಡು ಗಂಟೆಗಳ ಅಭ್ಯಾಸಕ್ಕಿಂತ ಮೇಲು. ಇನ್ನು ಜತಿಯನ್ನು ಕೈತಾಳದಲ್ಲಿ ಹೇಳಿಕೊಳ್ಳುವುದಕ್ಕೂ, ಪದದ ಅರ್ಥವನ್ನು ಮನನ ಮಾಡುವುದಕ್ಕೂ ಗೆಜ್ಜೆ ಬೇಕಿಲ್ಲ; ಬಸ್ಸಿನ ಪ್ರಯಾಣದ ಹೊತ್ತು ಸಾಕು.

‘ಎರಡು ದೋಣಿಯ ಮೇಲೆ ಕಾಲಿಟ್ಟವನು ದಡ ಸೇರಲಾರ’ ಎಂಬ ಆಕ್ಷೇಪವೊಂದುಂಟು. ಕನ್ನಡನಾಡಿನ ನೃತ್ಯಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಪ್ರೊ. ಯು.ಎಸ್. ಕೃಷ್ಣರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ ಪತ್ನಿ ಚಂದ್ರಭಾಗಾದೇವಿಯವರೊಡನೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಕಲಿತು, ನಾಡಿನ ಹೆಸರಾಂತ ನೃತ್ಯ ದಂಪತಿಗಳಾದರು. ನಮ್ಮ ಹಳ್ಳಿಗಳನ್ನು ನೋಡಿದರೂ ಸಾಕು. ಜಾತ್ರೆಯಲ್ಲಿ ವೀರಗಾಸೆಯ ಕತ್ತಿ ಝಳಪಿಸುವವರು, ನಂದಿಕೋಲು ಹೊತ್ತು ಕುಣಿಯುವವರು ವರ್ಷವೆಲ್ಲ ಹೊಲದಲ್ಲಿ ಉತ್ತು ಬಿತ್ತುವವರೇ. ದುಡಿಮೆಯು ಅವರ ಕಲೆಗೆ ಅಡ್ಡಿಯಾಗಲಿಲ್ಲ. ಕಲೆಯು ಅವರ ದುಡಿಮೆಗೆ ಕುಂದು ತರಲಿಲ್ಲ.

ನುಲಿಯ ಚಂದಯ್ಯನವರ ಪ್ರಸಂಗವೂ ಇಲ್ಲಿ ಸ್ಮರಣೀಯ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಜಾರಿದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಪರಂಪರೆ ಹೇಳುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಡಿವಾಳ ಮಾಚಯ್ಯನವರೇ ಮೊದಲಾದ ಶರಣರೊಡನೆ ವಿಚಾರ ನಡೆದು, ಕೊನೆಗೆ ಲಿಂಗವೂ ಉಳಿಯಿತು, ಕಾಯಕವೂ ಉಳಿಯಿತು. ಒಂದರ ನಿಷ್ಠೆಗಾಗಿ ಮತ್ತೊಂದನ್ನು ನೀರಿಗೆ ಬಿಡಬೇಕಿಲ್ಲವೆಂಬುದೇ ಅದರ ತಾತ್ಪರ್ಯ. ಗಮನಿಸಬೇಕಾದ ಅಂಶವೆಂದರೆ, ಆ ಹೊಂದಾಣಿಕೆಯನ್ನು ಚಂದಯ್ಯನವರೊಬ್ಬರೇ ಕಂಡುಕೊಳ್ಳಲಿಲ್ಲ. ಶರಣರೆಲ್ಲ ಕೂಡಿ ಕಂಡುಕೊಂಡರು. ಇಂದಿನ ವಿದ್ಯಾರ್ಥಿನಿಯನ್ನು ಮಾತ್ರ ಆಕೆಯ ಪಾಡಿಗೆ ಬಿಟ್ಟು, ಸೋತಾಗ ‘ನಿಷ್ಠೆ ಸಾಲದು’ ಎಂದು ದೂರುವುದು ನ್ಯಾಯವೇ?

ಆದುದರಿಂದ ಹೊಣೆ ಸುತ್ತಲಿನವರದೂ ಆಗಿದೆ. ಪರೀಕ್ಷೆಯ ತಿಂಗಳಿನಲ್ಲಿ ಪಾಠವನ್ನು ಸಡಿಲಿಸುವ ಗುರು ಶಿಷ್ಯೆಯನ್ನು ಕಳೆದುಕೊಳ್ಳುವುದಿಲ್ಲ. ನೃತ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ಪ್ರಯೋಗದೊಡನೆ ಶಾಸ್ತ್ರವೂ ಇರುವುದರಿಂದ, ಪದವಿಯ ಕೊನೆಯ ವರ್ಷಕ್ಕೂ ವಿದ್ವತ್ತಿಗೂ ಘರ್ಷಣೆಯಾಗದಂತೆ ಎರಡು ವರ್ಷ ಮೊದಲೇ ಯೋಜಿಸುವುದು ಜಾಣತನ. ಶೇಕಡಾ 75ರ ಹಾಜರಿಯ ನಿಯಮವಿರುವ ಕಾಲೇಜುಗಳು ವಿದ್ಯಾರ್ಥಿಯ ಕಾರ್ಯಕ್ರಮದ ದಿನಗಳನ್ನು ಕ್ರೀಡಾಪಟುವಿನ ದಿನಗಳಂತೆಯೇ ಪರಿಗಣಿಸಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ, ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿಗಳನ್ನು ಒಟ್ಟಿಗೆ ಓದಲು ಅವಕಾಶ ನೀಡಿದುದನ್ನೂ ವಿದ್ಯಾರ್ಥಿಗಳು ಅರಿತಿರಬೇಕು.

ನೆರವಿನ ಬಾಗಿಲುಗಳೂ ಇಲ್ಲದಿಲ್ಲ. 18ರಿಂದ 25 ವರ್ಷದ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಶಿಷ್ಯವೇತನವೊಂದಿದೆ. ಆಯ್ಕೆಯಾದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷಗಳ ಕಾಲ ದೊರೆಯುತ್ತದೆ. ದಿನಕ್ಕೆ ಎರಡು ಗಂಟೆಗಳ ಚಾಕರಿಯನ್ನು ಆ ಮೊತ್ತ ಬಿಡಿಸಬಲ್ಲದು. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಹೆಣ್ಣುಮಕ್ಕಳ ಬಸ್ ಪ್ರಯಾಣದ ವೆಚ್ಚವನ್ನು ಇಳಿಸಿ, ಪಕ್ಕದ ಊರಿನ ಗುರುವನ್ನೂ ಹತ್ತಿರ ತಂದಿತು. ದುಡಿಯಲೇಬೇಕಾದವರು ಕಲೆಗೆ ಸಮೀಪದ ದುಡಿಮೆಯನ್ನು ಆರಿಸಿಕೊಂಡರೆ ಇನ್ನೂ ಲೇಸು. ಚಿಕ್ಕ ಮಕ್ಕಳಿಗೆ ಅಡವುಗಳನ್ನು ಕಲಿಸುವಾಗ ತನ್ನ ಅಡವೂ ತಿದ್ದಿಕೊಳ್ಳುತ್ತದೆ. ಆದರೆ ಅದಕ್ಕೆ ಗುರುವಿನ ಅನುಮತಿಯಿರಬೇಕು, ಕಲಿತದ್ದು ಗಟ್ಟಿಯಾಗಿರಬೇಕು.

ಮಠಗಳೂ ಭಕ್ತರೂ ಮಾಡಬಹುದಾದುದು ಬಹಳ. ಶಿವಸಂಚಾರದ ಮೂಲಕ ಸಾಣೇಹಳ್ಳಿಯು ರಂಗಭೂಮಿಗೆ ಆಸರೆಯಾದುದನ್ನು ನಾಡು ಕಂಡಿದೆ. ಎಲ್ಲ ಮಠಗಳೂ ಅಷ್ಟು ದೊಡ್ಡದನ್ನು ಮಾಡಬೇಕೆಂದಿಲ್ಲ. ಮದುವೆಗಳಿಲ್ಲದ ದಿನಗಳಲ್ಲಿ ಬರಿದಾಗಿರುವ ಕಲ್ಯಾಣ ಮಂಟಪವನ್ನು ಬೆಳಗಿನ ಒಂದು ಗಂಟೆ ಅಭ್ಯಾಸಕ್ಕೆ ತೆರೆದರೆ ಸಾಕು. ವಿದ್ಯಾರ್ಥಿನಿಲಯದಲ್ಲಿ ಪಾಠ ಮುಗಿಸಿ ತಡವಾಗಿ ಬರುವ ಹುಡುಗಿಗೆ ಬಾಗಿಲು ತೆರೆದು, ಒಂದು ತಟ್ಟೆ ಪ್ರಸಾದವನ್ನು ಮುಚ್ಚಿಟ್ಟರೆ ಸಾಕು. ದಾಸೋಹವೆಂದರೆ ಹಸಿದವರಿಗೆ ಅನ್ನ ನೀಡುವುದು. ಹೊತ್ತಿಗಾಗಿ ಹಸಿದವರಿಗೆ ಹೊತ್ತನ್ನು ನೀಡುವುದೂ ದಾಸೋಹವೇ.

ಹೀಗೆ ನಡೆದ ಮಗಳು ಮುಂದೆ ಪ್ರಸಿದ್ಧ ನರ್ತಕಿಯಾಗುವಳೆಂಬ ಭರವಸೆಯೇನೂ ಇಲ್ಲ. ಬಹುಮಂದಿ ಆಗಲಾರರು. ಆದರೆ ಹೊತ್ತನ್ನು ಅಳೆದು ಬಾಳುವುದನ್ನು, ತನ್ನ ಅನ್ನವನ್ನು ತಾನು ದುಡಿದುಣ್ಣುವುದನ್ನು, ಬೇಕಾದುದಕ್ಕೂ ಬೇಡವಾದುದಕ್ಕೂ ನಡುವಿನ ಗೆರೆಯನ್ನು ಆಕೆ ಇಪ್ಪತ್ತರ ವಯಸ್ಸಿನಲ್ಲಿಯೇ ಅರಿತಿರುತ್ತಾಳೆ. ‘ಕುಣಿತದಿಂದ ಹೊಟ್ಟೆ ತುಂಬೀತೇ’ ಎಂದು ಕೇಳುವ ಹಿರಿಯರು, ಆ ಮಗಳು ಗೆಜ್ಜೆ ಬಿಚ್ಚಿದ ದಿನ ಮನೆಯಲ್ಲಿ ಯಾವುದು ಬರಿದಾಗುವುದೆಂಬುದನ್ನೂ ಒಮ್ಮೆ ಕೇಳಿಕೊಳ್ಳುವುದು ಒಳಿತು.