ಇನ್‌ಸ್ಟಾಲ್ ಮಾಡಿದರಷ್ಟೇ ಸಾಲದು

ಉಬುಂಟು ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಲು ಒಂದೆರಡು ಕಮಾಂಡ್ ಸಾಕು. ಅಷ್ಟಕ್ಕೇ ನಾವು ರೆಸ್ಯೂಮೆಯಲ್ಲಿ ‘ನೆಟ್‌ವರ್ಕ್ ಸೆಕ್ಯುರಿಟಿ ಗೊತ್ತು’ ಎಂದು ಬರೆದುಬಿಡುತ್ತೇವೆ. ಬಿಇ ಓದುತ್ತಿರುವ ನಾನೂ ಬರೆದಿದ್ದೆ.

ಪ್ರಾಜೆಕ್ಟ್‌ಗೆಂದು ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಅದನ್ನು ಆನ್ ಮಾಡಿದೆ. ಬಂದ ಎಚ್ಚರಿಕೆಯನ್ನು ಓದದೆ ‘ವೈ’ ಒತ್ತಿದೆ. ಲಾಗ್‌ಔಟ್ ಆಗಿ ಮರಳಿದರೆ ನನಗೇ ಬಾಗಿಲು ಬಂದ್! ಹೊರಗಿನಿಂದ ಬರುವ ಸಂಪರ್ಕಗಳನ್ನೆಲ್ಲ ತಡೆಯುವುದು ಅದರ ಮೂಲ ನಿಯಮ. ದೂರದಿಂದ ಒಳಹೋಗಲು ಬಳಸುವ ಎಸ್‌ಎಸ್‌ಎಚ್‌ಗೆ, ಸಾಮಾನ್ಯವಾಗಿ 22ನೇ ಪೋರ್ಟ್‌ಗೆ, ಮೊದಲೇ ಅನುಮತಿ ಕೊಟ್ಟಿರಬೇಕಿತ್ತು.

ಹಾಗೆಂದು ಹೆದರಿ ಎಲ್ಲ ಪೋರ್ಟ್ ತೆರೆದಿಟ್ಟರೆ ಫೈರ್‌ವಾಲ್ ಇದ್ದೂ ಇಲ್ಲದಂತೆ. ಯಾವ ಪೋರ್ಟ್ ಏಕೆ ತೆರೆದಿದೆ ಎಂದು ಹೇಳಬಲ್ಲವರಿಗಷ್ಟೇ ಕೆಲಸ ಗೊತ್ತಿದೆ ಎನ್ನಬಹುದು. ಲ್ಯಾಬ್‌ಗಳಲ್ಲಿ ಕಮಾಂಡ್ ಬಾಯಿಪಾಠ ಮಾಡಿಸುವ ಬದಲು ವರ್ಚುವಲ್ ಮಷೀನ್‌ನಲ್ಲಿ ತಪ್ಪು ಮಾಡಲು ಬಿಡಲಿ. ಅಲ್ಲಿ ಎಡವಿದರೆ ಯಾರಿಗೂ ನಷ್ಟವಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಎಡವಿದರೆ ಇದೆ.